ಒಂದೇ ಹಾಡಿನ ಗಾಯಕರೆಂಬ ಮಾತು: ಶಿವಮೊಗ್ಗ ಸುಬ್ಬಣ್ಣನವರನ್ನು ನೆನೆದು

ಶಿವಮೊಗ್ಗ ಸುಬ್ಬಣ್ಣನವರು 2022ರ ಆಗಸ್ಟ್ 11ರಂದು ಬೆಂಗಳೂರಿನಲ್ಲಿ ಕಾಲವಾದಾಗ ಅವರಿಗೆ 83 ವರ್ಷ. ಮರುದಿನ ಪತ್ರಿಕೆಗಳಲ್ಲಿಯೂ ವಾರ್ತಾವಾಹಿನಿಗಳಲ್ಲಿಯೂ ಅವರ ಹೆಸರಿನ ಹಿಂದೆ ಅಂಟಿಕೊಂಡಿದ್ದುದು ಒಂದೇ ವಿಶೇಷಣ, 'ಕಾಡು ಕುದುರೆ ಖ್ಯಾತಿಯ'. ಅಂದಿನಿಂದ ಇಂದಿನವರೆಗೂ ಅವರ ಪ್ರಸ್ತಾಪ ಬಂದಲ್ಲೆಲ್ಲ ಎರಡು ಬಗೆಯ ಪ್ರತಿಕ್ರಿಯೆಗಳನ್ನು ಕೇಳುತ್ತ ಬಂದಿದ್ದೇನೆ. ಕೆಲವರು ಆ ಹಾಡನ್ನು ನೆನೆದು ತಲೆದೂಗುತ್ತಾರೆ. ಇನ್ನು ಕೆಲವರು, ಅದರಲ್ಲಿಯೂ ಸಂಗೀತವನ್ನು ಬಲ್ಲವರು, "ಪಾಪ, ಜೀವಮಾನವಿಡೀ ಹಾಡಿದವರನ್ನು ಒಂದು ಹಾಡಿಗೆ ಕಟ್ಟಿಹಾಕಿಬಿಟ್ಟೆವಲ್ಲ" ಎಂದು ಮರುಗುತ್ತಾರೆ. ಈ ಎರಡನೆಯ ಮಾತನ್ನು ಕುರಿತು ನನಗೆ ಹೇಳಬೇಕಾದುದು ಕೆಲವಿದೆ. ಜೊತೆಗೆ, ಪಾವಗಡ ತಾಲ್ಲೂಕಿನ ಶಾಲೆಯೊಂದರಲ್ಲಿ ಇದೇ ಹಾಡಿನಿಂದ ಎದ್ದ ಒಂದು ವ್ಯಾಜ್ಯವನ್ನೂ ನಿಮ್ಮ ಮುಂದಿಡಬೇಕಾಗಿದೆ. ಏಕೆಂದರೆ ಇದನ್ನು ಓದುವ ನಿಮ್ಮಲ್ಲಿ ಹಲವರು ಈಗ ನಮ್ಮ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿಯೇ ಉಪಾಧ್ಯಾಯರಾಗಿದ್ದೀರಿ.

ಮೊದಲು ವ್ಯಕ್ತಿಯ ವಿಚಾರ. ಸುಬ್ಬಣ್ಣನವರು ಹುಟ್ಟಿದ್ದು 1938ರ ಡಿಸೆಂಬರ್ 14ರಂದು, ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ. ಕೆಳದಿಯ ಅರಸರ ಬಿದನೂರು ಇದೇ. ವೃತ್ತಿಯಿಂದ ಅವರು ವಕೀಲರು. ಅರವತ್ತರ ದಶಕದಿಂದಲೇ ಆಕಾಶವಾಣಿಯಲ್ಲಿ ಹಾಡುತ್ತಿದ್ದರು. ಕಾಳಿಂಗರಾಯರು ತೆರೆದುಕೊಟ್ಟ ಹಾದಿಯಲ್ಲಿ, ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಮೊದಲಾದವರ ಸಾಲಿನಲ್ಲಿ, ಕವಿತೆಯನ್ನು ಪುಸ್ತಕದಿಂದ ಎಬ್ಬಿಸಿ ಜನರ ನಾಲಗೆಯ ಮೇಲೆ ಕೂರಿಸಿದವರು ಅವರು. ಕುವೆಂಪು ಅವರ ಕವಿತೆಗಳೆಂದರೆ ಅವರಿಗೆ ವಿಶೇಷ ಒಲವು. 'ಬಾರಿಸು ಕನ್ನಡ ಡಿಂಡಿಮವ'ವನ್ನು ಅವರ ಕಂಠದಲ್ಲಿ ಕೇಳಿದವರಿಗೆ ಡಿಂಡಿಮವೆಂಬುದು ನಿಘಂಟಿನ ಪದವಾಗಿ ಉಳಿಯುವುದಿಲ್ಲ. ಶಿಶುನಾಳ ಷರೀಫರ ತತ್ತ್ವಪದಗಳನ್ನೂ ಅವರು ಹಾಡಿದರು. ಹೀಗೆ ನಾಲ್ಕೈದು ದಶಕಗಳ ಕಾಲ ನೂರಾರು ವೇದಿಕೆಗಳ ಮೇಲೆ ಹಾಡಿದ ಅವರ ಗಾಯನದ ಒಂದು ಮೂಲೆಯಲ್ಲಿ ಒಂದು ಚಲನಚಿತ್ರದ ಹಾಡು ಇತ್ತು.

ಆ ಚಿತ್ರದ ಹೆಸರೂ 'ಕಾಡು ಕುದುರೆ'ಯೇ. ನಿರ್ದೇಶನ, ಸಂಗೀತ, ಸಾಹಿತ್ಯ ಎಲ್ಲವೂ ಚಂದ್ರಶೇಖರ ಕಂಬಾರರದು. ಈ ಹಾಡಿಗಾಗಿ 1978ನೆಯ ಸಾಲಿನ ರಾಷ್ಟ್ರಪ್ರಶಸ್ತಿಯಲ್ಲಿ ಅತ್ಯುತ್ತಮ ಹಿನ್ನೆಲೆ ಗಾಯಕ ಎಂಬ ಮನ್ನಣೆ, ರಜತ ಕಮಲ, ಸುಬ್ಬಣ್ಣನವರಿಗೆ ದೊರೆಯಿತು. ಕನ್ನಡದ ಹಾಡೊಂದಕ್ಕೆ ಆ ಗೌರವ ಬಂದುದು ಅದೇ ಮೊದಲು. ಅದರ ನಂತರ ಡಾ. ರಾಜಕುಮಾರ್ ಅವರಿಗೆ 'ಜೀವನಚೈತ್ರ'ದ ಹಾಡಿಗಾಗಿ 1992ನೆಯ ಸಾಲಿನಲ್ಲಿ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಪಂಚಾಕ್ಷರ ಗವಾಯಿಗಳನ್ನು ಕುರಿತ ಚಿತ್ರದ ಹಾಡಿಗಾಗಿ 1995ನೆಯ ಸಾಲಿನಲ್ಲಿ ಅದು ಬಂತು. ಇವರಿಬ್ಬರೂ ಚಿತ್ರರಂಗವೇ ಮನೆಯಾಗಿದ್ದವರು. ಸುಬ್ಬಣ್ಣನವರಾದರೋ ಚಿತ್ರರಂಗಕ್ಕೆ ನೆಂಟರಂತೆ ಬಂದು, ಒಂದು ಊಟ ಮಾಡಿ, ತಾಂಬೂಲ ತೆಗೆದುಕೊಂಡು ಮತ್ತೆ ತಮ್ಮ ಭಾವಗೀತೆಯ ಮನೆಗೆ ಹಿಂದಿರುಗಿದವರು.

ಆ ಚಿತ್ರವು ನಮ್ಮ ಸೀಮೆಯ ಟೆಂಟುಗಳಿಗೆ ಬಂದುದು ನನಗೆ ನೆನಪಿಲ್ಲ. ಹಾಡು ಮಾತ್ರ ಬಂತು. ನಾನಾಗ ಪಾವಗಡ ತಾಲ್ಲೂಕಿನಲ್ಲಿ ಸೇವೆಗೆ ಸೇರಿ ಮೂರು ವರ್ಷವಾಗಿತ್ತಷ್ಟೆ. ಬಾಡಿಗೆಯ ಒಂಟಿ ಕೋಣೆಯಲ್ಲಿ ನಾಲ್ಕು ಸೆಲ್ಲಿನ ಒಂದು ಟ್ರಾನ್ಸಿಸ್ಟರು. ಸೆಲ್ಲು ಸೋತರೆ ಬಿಸಿಲಿಗಿಟ್ಟು ಮತ್ತೆರಡು ದಿನ ನಡೆಸುವ ಕಾಲ. ಆ ಪೆಟ್ಟಿಗೆಯಿಂದ ಒಂದು ಸಂಜೆ ಈ ಧ್ವನಿ ಹೊರಬಿತ್ತು. ಅಲ್ಲಿಯವರೆಗೆ ಚಿತ್ರಗೀತೆಯೆಂದರೆ ಮೃದುವಾದ, ಎಣ್ಣೆ ಸವರಿದಂಥ ಕಂಠವೆಂದು ನಮ್ಮ ಕಿವಿ ಒಪ್ಪಿಕೊಂಡಿತ್ತು. ಇದು ಹಾಗಿರಲಿಲ್ಲ. ಬಯಲಿನಲ್ಲಿ ನಿಂತು ಆಚೆ ದಿಬ್ಬದವರನ್ನು ಕೂಗಿ ಕರೆಯುವವರ ಗಂಟಲಿನಂತೆ ಅಗಲವಾಗಿ ತೆರೆದ ಧ್ವನಿ. ಹಾಡು ಕುದುರೆಯನ್ನು ವರ್ಣಿಸುತ್ತ ಕೂರುವುದಿಲ್ಲ, ಧ್ವನಿಯೇ ಓಡಲು ತೊಡಗುತ್ತದೆ. ಊರಾಚೆಯಿಂದ, ಆಕಾಶದಿಂದ ಕಳಚಿಬಿದ್ದ ಉಲ್ಕೆಯಂತೆ ಅದು ನಿಮ್ಮೆದುರು ನೆಗೆದು ಬರುತ್ತದೆ. ಏನೆಂದು ತಿಳಿಯುವ ಮೊದಲೇ ಹಾದುಹೋಗಿರುತ್ತದೆ.

ಪಾವಗಡದ ವಿಚಾರ ನಿಮಗೆಲ್ಲ ಗೊತ್ತು. ಭೂಪಟದಲ್ಲಿ ನೋಡಿದರೆ ಸುತ್ತಲೂ ಆಂಧ್ರ, ನಡುವೆ ನಮ್ಮ ತಾಲ್ಲೂಕು. ಚಿತ್ರದುರ್ಗ ಜಿಲ್ಲೆಯ ಕಡೆಗೆ ಮಾತ್ರ ಒಂದು ಸಣ್ಣ ಕೊರಳಿನಂತೆ ಕರ್ನಾಟಕದೊಡನೆ ಕೂಡಿಕೊಂಡಿದೆ. ನನ್ನ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ಮನೆಮಾತು ತೆಲುಗು. ಅವರಿಗೆ ಕನ್ನಡವೆಂದರೆ ಶಾಲೆಯ ಭಾಷೆ, ಪರೀಕ್ಷೆಯ ಭಾಷೆ, ಬೆತ್ತದ ಭಾಷೆ. ಪದ್ಯವನ್ನು ಅವರು ಕಂಠಪಾಠ ಮಾಡುತ್ತಿದ್ದ ರೀತಿ ನನಗೆ ಈಗಲೂ ಕಿವಿಯಲ್ಲಿದೆ: ಸಾಲಿನ ಕೊನೆಗೆ ಉಸಿರು ಕಟ್ಟಿ, ಮುಂದಿನ ಸಾಲಿಗೆ ಎಗರಿ, ಒಟ್ಟು ಹನ್ನೆರಡು ಸಾಲುಗಳನ್ನು ಒಂದೇ ಏಟಿಗೆ ಒಪ್ಪಿಸಿ ಕುಳಿತುಬಿಡುವುದು. ಅರ್ಥ ಕೇಳಿದರೆ ಗೈಡಿನ ವಾಕ್ಯ. ನಾನು ಹಾಡುಗಾರನೇನಲ್ಲ. ಆದರೂ ರೇಡಿಯೋದಲ್ಲಿ ಕೇಳಿದಷ್ಟನ್ನು ಬರೆದುಕೊಂಡು, ಒಂದು ಶನಿವಾರ ಬೆಳಗಿನ ಶಾಲೆಯ ಕೊನೆಯ ಪಿರಿಯಡ್ಡಿನಲ್ಲಿ ಮಕ್ಕಳಿಗೆ ಹೇಳಿಕೊಟ್ಟೆ.

ಎರಡನೆಯ ಸಲಕ್ಕೇ ಹಿಂದಿನ ಬೆಂಚಿನ ಹುಡುಗರು ಬೆಂಚನ್ನು ಬಡಿಯಲಾರಂಭಿಸಿದರು. ಗೊರಸಿನ ಸದ್ದು! ಯಾರೂ ಹೇಳಿಕೊಟ್ಟದ್ದಲ್ಲ. ಅವರಲ್ಲೊಬ್ಬ ಎದ್ದುನಿಂತು, "ಸಾರ್, ಕಾಡುಕುದುರೆ ಅಂದ್ರೆ ಅಡವಿ ಗುರ್ರಮಾ ಸಾರ್?" ಎಂದು ಕೇಳಿದ. ಹೌದೆಂದೆ. ಅವನು ಸ್ವಲ್ಪ ಯೋಚಿಸಿ, "ಯಾರ್ದು ಸಾರ್ ಅದು?" ಎಂದ. ಯಾರದೂ ಅಲ್ಲವೆಂದೆ. "ಹಂಗಾದ್ರೆ ಹಿಡೀಬೋದಾ?" ಎಂದು ಅವನ ಮುಂದಿನ ಪ್ರಶ್ನೆ. ಆ ಪದ್ಯದ ಮೇಲೆ ಪಂಡಿತರು ಬರೆದ ವಿಮರ್ಶೆಗಳನ್ನು ನಾನು ಮುಂದೆ ಓದಿದ್ದೇನೆ. ಅವುಗಳಲ್ಲಿ ಯಾವುದೂ ಈ ಪ್ರಶ್ನೆಯಷ್ಟು ಹತ್ತಿರಕ್ಕೆ ಹೋಗಿಲ್ಲವೆಂಬುದು ನನ್ನ ಅಭಿಪ್ರಾಯ. ಕನ್ನಡದಲ್ಲಿ 'ಕಾಡು' ಎಂಬುದು ಅರಣ್ಯವೂ ಹೌದು, ಬೆನ್ನುಬಿಡದೆ ಪೀಡಿಸು ಎಂಬ ಕ್ರಿಯಾಪದವೂ ಹೌದು. ಎರಡನ್ನೂ ಆ ದಿನ ಕರಿಹಲಗೆಯ ಮೇಲೆ ಬರೆದೆ. ತೆಲುಗಿನ ಅಡವಿಗೆ ಈ ಎರಡನೆಯ ಅರ್ಥವಿಲ್ಲ. ಮನೆಮಾತಿನಲ್ಲಿ ಇಲ್ಲದ ಏನೋ ಒಂದು ಈ ಶಾಲೆಯ ಭಾಷೆಯಲ್ಲಿದೆ ಎಂದು ಆ ಮಕ್ಕಳ ಮುಖದಲ್ಲಿ ಅಂದು ಮೊದಲ ಬಾರಿಗೆ ಕಂಡೆ.

ಇನ್ನೊಂದು ಮಾತು. ಕಂಬಾರರು ಬೆಳಗಾವಿ ಜಿಲ್ಲೆಯ ಘೋಡಗೇರಿಯವರು. ಹಾಡಿನ ಕ್ರಿಯಾಪದಗಳೆಲ್ಲ ಆ ಕಡೆಯವು; ನಾವು 'ಬಂದಿತ್ತು' ಎನ್ನುವಲ್ಲಿ ಅದು ದೀರ್ಘವಾಗಿ ಬೇರೆ ಬಗೆಯಲ್ಲಿ ಮುಗಿಯುತ್ತದೆ. ಹಾಡಿದವರು ಮಲೆನಾಡಿನವರು. ಕೇಳಿ ಬೆಂಚು ಬಡಿದವರು ಮಳೆಯಿಲ್ಲದ ಬಯಲುಸೀಮೆಯ ತೆಲುಗು ಮನೆಗಳ ಹುಡುಗರು. ಏಕೀಕರಣವಾಗಿ ಇಪ್ಪತ್ತೆರಡು ವರ್ಷಗಳ ಮೇಲೆ, ಯಾವ ಸಮಾರಂಭವೂ ಇಲ್ಲದೆ, ಒಂದು ಶನಿವಾರ ನನ್ನ ತರಗತಿಯಲ್ಲಿ ಕರ್ನಾಟಕ ಒಂದಾಯಿತೆಂದು ನಾನು ಹೇಳಿದರೆ ನೀವು ನಗುವಿರಿ. ನಗಿರಿ, ಅಡ್ಡಿಯಿಲ್ಲ.

ಸುಬ್ಬಣ್ಣನವರ ಗಾಯನದಲ್ಲಿ ಉಪಾಧ್ಯಾಯನಾದ ನನಗೆ ಎಲ್ಲಕ್ಕಿಂತ ಹಿಡಿಸಿದುದು ಅಕ್ಷರಗಳ ಸ್ಪಷ್ಟತೆ. ಅಷ್ಟು ವೇಗದಲ್ಲಿ ಓಡುವ ಹಾಡಿನಲ್ಲಿ ಒಂದು ಒತ್ತಕ್ಷರವೂ ಕಾಲಡಿಗೆ ಸಿಕ್ಕಿ ನುಚ್ಚಾಗುವುದಿಲ್ಲ. ನ್ಯಾಯಾಲಯದಲ್ಲಿ ಮಾತಿನ ಬೆಲೆ ಬಲ್ಲವರಾದುದರಿಂದ ಹೀಗೆಂದು ನಾನು ತಮಾಷೆಗೆ ಹೇಳುವುದುಂಟು. ಆದರೆ ತಮಾಷೆಯ ಹಿಂದೆ ಸತ್ಯವಿದೆ: ಅವರು ರಾಗಕ್ಕಾಗಿ ಪದವನ್ನು ಬಗ್ಗಿಸುತ್ತಿರಲಿಲ್ಲ. ಇಂದಿನ ಎಷ್ಟೋ ಗಾಯಕರಲ್ಲಿ 'ಳ'ಕಾರವೂ ಮಹಾಪ್ರಾಣವೂ ಸತ್ತೇ ಹೋಗಿವೆ. ಅವರ ಹಾಡು ಕೇಳಿ ಒಂದು ಪದ್ಯವನ್ನು ತಪ್ಪಿಲ್ಲದೆ ಬರೆದುಕೊಳ್ಳಲು ಹೋದರೆ ಆಗುವುದಿಲ್ಲ. ಸುಬ್ಬಣ್ಣನವರದನ್ನು ನಾನು ರೇಡಿಯೋ ಕೇಳಿಯೇ ಬರೆದುಕೊಂಡಿದ್ದೆ. ಪುಸ್ತಕದೊಡನೆ ಹೋಲಿಸಿದಾಗ ಎಲ್ಲವೂ ಸರಿಯಿತ್ತು.

ಈಗ ವ್ಯಾಜ್ಯಕ್ಕೆ ಬರುತ್ತೇನೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇಂದು ಪ್ರೌಢಶಾಲೆಯಲ್ಲಿ ಕನ್ನಡ ಉಪಾಧ್ಯಾಯಿನಿ. ಕಳೆದ ವರ್ಷ ಅವಳು ತನ್ನ ಶಾಲೆಯ ಒಂದು ಹುಡುಗಿಯನ್ನು ಪ್ರತಿಭಾ ಕಾರಂಜಿಯ ಭಾವಗೀತೆ ಸ್ಪರ್ಧೆಗೆ ಕರೆದೊಯ್ದಳು. ಹುಡುಗಿ ಆಯ್ದುಕೊಂಡದ್ದು 'ಕಾಡು ಕುದುರೆ'. ಹಾಡಿ ಮುಗಿಸಿದ ಮೇಲೆ ತೀರ್ಪುಗಾರರು ಇದು ಚಿತ್ರಗೀತೆ, ಭಾವಗೀತೆಯ ವಿಭಾಗಕ್ಕೆ ಸಲ್ಲದು ಎಂದರಂತೆ. ಉಪಾಧ್ಯಾಯಿನಿ ಕವಿಯ ಹೆಸರು ಹೇಳಿ ವಾದಿಸಿದಾಗ, "ಸರಿ, ಹಾಗಿದ್ದರೂ ಮೂಲ ಧಾಟಿಯಲ್ಲಿ ಹಾಡಿಲ್ಲ, ನಿಧಾನ ಮಾಡಿದ್ದಾಳೆ, ಅದು ಗಂಡಸರ ಹಾಡು" ಎಂದು ಅಂಕ ಕಡಿಮೆ ಮಾಡಿದರಂತೆ. ಅಂದು ರಾತ್ರಿ ಅವಳು ನನಗೆ ದೂರವಾಣಿ ಮಾಡಿ, "ಸಾರ್, ನೀವೇ ನಮಗೆ ಹೇಳಿಕೊಟ್ಟ ಹಾಡು. ಅದು ಕವಿತೆಯೋ ಸಿನಿಮಾ ಹಾಡೋ ನೀವೇ ಹೇಳಿ ಸಾರ್. ಮಗು ಊಟ ಮಾಡ್ದೆ ಕೂತದೆ" ಎಂದಳು.

ತೀರ್ಪುಗಾರರ ಬಗ್ಗೆ ನನಗೆ ಸಿಟ್ಟಿಲ್ಲ. ಅವರೂ ನಮ್ಮ ಹಾಗೆಯೇ ಮೇಷ್ಟರು. ಬೆಳಗಿನಿಂದ ಸಂಜೆಯವರೆಗೆ ಕೂತು ಹತ್ತಾರು ವಿಭಾಗಗಳಿಗೆ ಅಂಕ ಹಾಕಬೇಕು, ಮಧ್ಯೆ ಊಟದ ವ್ಯವಸ್ಥೆ ನೋಡಬೇಕು, ಧ್ವನಿವರ್ಧಕ ಕೆಟ್ಟರೆ ಅದನ್ನೂ ನೋಡಬೇಕು. ಚಿತ್ರಗೀತೆಗಳನ್ನು ದೂರವಿಡುವ ಆಶಯದಲ್ಲಿಯೂ ಅರ್ಥವಿದೆ. ಇಲ್ಲವಾದರೆ ಮಕ್ಕಳು ಆ ತಿಂಗಳ ಸಿನಿಮಾ ಹಾಡುಗಳನ್ನಲ್ಲದೆ ಬೇರೇನನ್ನೂ ಹಾಡಲಾರರು. ಆದರೆ ಗೆರೆ ಎಲ್ಲಿ ಎಳೆಯಬೇಕೆಂಬುದನ್ನು ಸ್ವಲ್ಪ ಯೋಚಿಸಬೇಕು.

ಕುವೆಂಪು ಅವರ ದೋಣಿಯ ಹಾಡು 1965ರ 'ಮಿಸ್ ಲೀಲಾವತಿ' ಚಿತ್ರದಲ್ಲಿದೆ. ಬೇಂದ್ರೆಯವರ 'ಬೆಳಗು' ಕವಿತೆ 1967ರ 'ಬೆಳ್ಳಿ ಮೋಡ'ದಲ್ಲಿದೆ. ಜಿ.ಎಸ್. ಶಿವರುದ್ರಪ್ಪನವರ ಕವಿತೆಯನ್ನು ಪುಟ್ಟಣ್ಣ ಕಣಗಾಲ್ 1982ರ 'ಮಾನಸ ಸರೋವರ'ಕ್ಕೆ ತಂದರು. ಅಡಿಗರ 'ಮೋಹನ ಮುರಳಿ' ತೊಂಬತ್ತರ ದಶಕದಲ್ಲಿ 'ಅಮೆರಿಕ ಅಮೆರಿಕ' ಚಿತ್ರದ ಮೂಲಕ ಮನೆಮನೆಗೆ ಹೋಯಿತು. ಇವೆಲ್ಲವೂ ಚಿತ್ರದಲ್ಲಿ ಬಂದ ಮಾತ್ರಕ್ಕೆ ಕವಿತೆಗಳಲ್ಲವಾದವೇ? ಬೇಂದ್ರೆಯವರ ಆ ಪದ್ಯವನ್ನು ಮಗುವೊಂದು ಹಾಡಿದರೆ ಯಾವ ತೀರ್ಪುಗಾರನೂ ಚಿತ್ರಗೀತೆ ಎನ್ನಲಾರ. ಕಂಬಾರರ ಹಾಡು ಸುಬ್ಬಣ್ಣನವರ ಕಂಠದಿಂದಲೇ, ಚಿತ್ರದ ಮೂಲಕವೇ ನಾಡಿಗೆ ಪರಿಚಯವಾದುದರಿಂದ ಅದಕ್ಕೆ ಮಾತ್ರ ಈ ಕಂಟಕ. ಬರೆದವರು ಜ್ಞಾನಪೀಠ ಪ್ರಶಸ್ತಿ ಪಡೆದ ಕವಿ. ಹಾಡಿದವರು ಭಾವಗೀತೆಯೇ ಉಸಿರಾಗಿದ್ದವರು. ಭಾವಗೀತೆಯ ವೇದಿಕೆಗಳಲ್ಲಿ ನಲವತ್ತು ವರ್ಷ ಜನ ಕೇಳಿ ಕೇಳಿ ಹಾಡಿಸಿದ ಹಾಡು ಇದು. ಹೀಗಿರುವಾಗ ಮಗುವಿನಿಂದ ಅದನ್ನು ಕಿತ್ತುಕೊಳ್ಳುವುದು ನನ್ನ ಮಟ್ಟಿಗೆ ನ್ಯಾಯವಲ್ಲ.

ಎರಡನೆಯ ಆಕ್ಷೇಪಣೆ, ಮೂಲ ಧಾಟಿಯದು, ನನಗೆ ಇನ್ನೂ ಹೆಚ್ಚು ಚಿಂತೆ ತಂದಿತು. ಇತ್ತೀಚಿನ ಸ್ಪರ್ಧೆಗಳಲ್ಲಿ ಮಕ್ಕಳು ಯೂಟ್ಯೂಬಿನಲ್ಲಿ ಕೇಳಿದ ಹಾಡನ್ನು ಅದರ ಆಲಾಪ, ಉಸಿರು, ಕೊನೆಗೆ ಕೆಮ್ಮನ್ನೂ ಬಿಡದಂತೆ ಒಪ್ಪಿಸುತ್ತಾರೆ. ಹಿಂದೆ ಪದ್ಯವನ್ನು ಗಿಳಿಪಾಠ ಒಪ್ಪಿಸುತ್ತಿದ್ದರು, ಈಗ ರಾಗವನ್ನು ಒಪ್ಪಿಸುತ್ತಾರೆ, ಅಷ್ಟೇ ವ್ಯತ್ಯಾಸ. ಅನುಕರಣೆಯೇ ಬೇಡವೆಂದು ನಾನು ಹೇಳುವುದಿಲ್ಲ. ಕಲಿಕೆ ಆರಂಭವಾಗುವುದೇ ಅಲ್ಲಿಂದ. ಆದರೆ ಹುಡುಗಿಯೊಬ್ಬಳು ತನ್ನ ಶ್ರುತಿಗೆ, ತನ್ನ ಉಸಿರಿಗೆ ಹೊಂದುವಂತೆ ಹಾಡನ್ನು ಸ್ವಲ್ಪ ತಗ್ಗಿಸಿ, ನಿಧಾನಿಸಿ ಹಾಡಿದರೆ ಅದನ್ನು ದೋಷವೆಂದು ಎಣಿಸುವುದು ಕನ್ನಡ ಸುಗಮ ಸಂಗೀತದ ಇತಿಹಾಸಕ್ಕೇ ವಿರುದ್ಧ. ಒಂದೇ ಕವಿತೆಗೆ ಇಬ್ಬರು ಮೂವರು ರಾಗ ಹಾಕಿದ, ಎಲ್ಲವೂ ಬಾಳಿದ ನಾಡು ಇದು.

ನಾಡಗೀತೆಯ ಉದಾಹರಣೆಯನ್ನೇ ನೋಡಿ. ಕುವೆಂಪು ಅವರ ಆ ಗೀತೆಯನ್ನು ಸರ್ಕಾರ ನಾಡಗೀತೆಯಾಗಿ ಅಂಗೀಕರಿಸಿದ್ದು 2004ರಲ್ಲಿ. ಮೈಸೂರು ಅನಂತಸ್ವಾಮಿಯವರ ಧಾಟಿಯೋ, ಅಶ್ವಥ್ ಅವರ ಧಾಟಿಯೋ ಎಂಬ ಚರ್ಚೆ ವರ್ಷಗಟ್ಟಲೆ ನಡೆದು, 2022ರ ಸೆಪ್ಟೆಂಬರಿನಲ್ಲಿ, ಎಂದರೆ ಸುಬ್ಬಣ್ಣನವರು ತೀರಿಕೊಂಡ ಮರುತಿಂಗಳು, ಅನಂತಸ್ವಾಮಿಯವರ ಧಾಟಿಯಲ್ಲಿ ಎರಡೂವರೆ ನಿಮಿಷಕ್ಕೆ ಹಾಡಬೇಕೆಂದು ಆದೇಶವಾಯಿತು. ಇದು ಸರಿಯೇ. ಸಾವಿರಾರು ಮಕ್ಕಳು ಒಟ್ಟಿಗೆ ಹಾಡುವಾಗ ಒಂದು ಧಾಟಿ, ಒಂದು ಕಾಲ ಬೇಕು. ಬಿಸಿಲಿನಲ್ಲಿ ನಿಂತ ಮಕ್ಕಳ ಕಾಲುಗಳನ್ನೂ ನೆನೆಯಬೇಕು. ಆದರೆ ನಾಡಗೀತೆಯ ಈ ಕಟ್ಟಳೆಯನ್ನು ಮಗು ಒಂಟಿಯಾಗಿ ನಿಂತು ಹಾಡುವ ಕವಿತೆಗೂ ಹಾಕಿದರೆ ಅಲ್ಲಿಗೆ ಹಾಡು ಕವಾಯತಾಯಿತು. ಸುಬ್ಬಣ್ಣನವರೇ ಆ ಕಾಲದ 'ಮೂಲ ಧಾಟಿ'ಯನ್ನು, ಎಂದರೆ ಚಿತ್ರಗೀತೆಯ ಮೆತ್ತನೆಯ ಧಾಟಿಯನ್ನು, ಪಾಲಿಸಿದ್ದರೆ ಅವರಿಗೆ ರಜತ ಕಮಲ ಬರುತ್ತಿತ್ತೇ?

ಇನ್ನು 'ಗಂಡಸರ ಹಾಡು' ಎಂಬ ಮಾತಿಗೆ ಉತ್ತರಿಸಲು ನನ್ನಲ್ಲಿ ತಾಳ್ಮೆಯಿಲ್ಲ. ಮುಂದೆ ಹೋಗೋಣ.

ಒಂದೇ ಹಾಡಿಗೆ ಕಟ್ಟಿಹಾಕಿದರೆಂಬ ಮರುಕದ ವಿಷಯ ಉಳಿದಿದೆ. ಜಪಾನಿನಲ್ಲಿ ಇಂಜಿನಿಯರಾಗಿರುವ, ಕೊರಟಗೆರೆಯ ನನ್ನ ಶಿಷ್ಯನೊಬ್ಬ ಇದೇ ಪ್ರಸಂಗವನ್ನು ಕೇಳಿ ಅಲ್ಲಿಯ ಗಾಯಕನೊಬ್ಬನ ಹಾಡನ್ನು ನನಗೆ ಕಳುಹಿಸಿದ. ಕ್ಯೂ ಸಕಾಮೊಟೊ ಎಂಬುವನು 1961ರಲ್ಲಿ ಹಾಡಿದ ಹಾಡು ಅದು. ಕಣ್ಣೀರು ಕೆಳಗೆ ಬೀಳದಿರಲೆಂದು ತಲೆಯೆತ್ತಿ ನಡೆಯುವವನ ಹಾಡು. ಪಾಶ್ಚಾತ್ಯರಿಗೆ ಅದರ ಹೆಸರು ನಾಲಗೆಗೆ ಬರಲಿಲ್ಲವೆಂದು 'ಸುಕಿಯಾಕಿ' ಎಂದು ಹೊಸ ಹೆಸರಿಟ್ಟರು; ಅದು ಜಪಾನಿನ ಒಂದು ಅಡುಗೆಯ ಹೆಸರು, ಹಾಡಿಗೂ ಅದಕ್ಕೂ ಎಳ್ಳಷ್ಟೂ ಸಂಬಂಧವಿಲ್ಲ. ನಮ್ಮ ಬಸವಣ್ಣನವರ ವಚನಕ್ಕೆ ಬಿಸಿಬೇಳೆಬಾತೆಂದು ಹೆಸರಿಟ್ಟಂತೆ! ಆದರೂ 1963ರಲ್ಲಿ ಅದು ಅಮೆರಿಕದಲ್ಲಿ ಮೂರು ವಾರ ಮೊದಲ ಸ್ಥಾನದಲ್ಲಿತ್ತು. 1985ರ ಆಗಸ್ಟ್ 12ರಂದು 520 ಜನ ಸತ್ತ ವಿಮಾನ ಅಪಘಾತದಲ್ಲಿ ಸಕಾಮೊಟೊನೂ ಹೋದ. ಆಗ ಅವನಿಗೆ 43 ವರ್ಷ. ಹೊರಜಗತ್ತಿಗೆ ಅವನು ಇಂದಿಗೂ ಆ ಒಂದು ಹಾಡೇ. ನನಗೆ ಜಪಾನೀ ಭಾಷೆಯ ಒಂದಕ್ಷರ ಬಾರದು, ಆದರೆ ಆ ಹಾಡನ್ನು ಕೇಳಿದ ಮೇಲೆ ಅವನ ಇನ್ನೆರಡು ಹಾಡುಗಳನ್ನು ಹುಡುಕಿಸಿ ಕೇಳಿದೆ. ಒಂದು ಹಾಡು ಮಾಡಬೇಕಾದ ಕೆಲಸವನ್ನು ಮಾಡಿತು.

ಸುಬ್ಬಣ್ಣನವರ ವಿಷಯದಲ್ಲಿ ನಾವು ಆ ಮುಂದಿನ ಹೆಜ್ಜೆ ಇಡಲಿಲ್ಲ ಎಂಬುದೇ ನನ್ನ ದೂರು. ವೇದಿಕೆ ಹತ್ತಿದರೆ ಸಾಕು, ಸಭೆಯಿಂದ ಚೀಟಿ: 'ಕಾಡು ಕುದುರೆ'. ಒಮ್ಮೆ ನಾನು ಅವರ ಕಛೇರಿಯನ್ನು ಎದುರಿಗೆ ಕೂತು ಕೇಳಿದ್ದುಂಟು. ಕುವೆಂಪು ಅವರ ಒಂದು ಪದ್ಯವನ್ನು ನಿಧಾನವಾಗಿ, ಪ್ರತಿ ಪದಕ್ಕೂ ಜಾಗ ಕೊಟ್ಟು ಹಾಡಿದರು. ಸಭೆಯಲ್ಲಿ ಅರ್ಧದಷ್ಟು ಜನ ಕುದುರೆಯ ದಾರಿ ಕಾಯುತ್ತ ಮಾತಾಡಿಕೊಂಡಿದ್ದರು. ಕುದುರೆ ಬಂದೊಡನೆ ಚಪ್ಪಾಳೆ. ಹಾಡು ಮುಗಿದೊಡನೆ ಚಪ್ಪಲಿ ಹುಡುಕಲು ಎದ್ದರು. ಅವರ ಮುಖದಲ್ಲಿ ಬೇಸರವಿರಲಿಲ್ಲ. ಹಾರ್ಮೋನಿಯಂನವರ ಕಡೆ ತಿರುಗಿ ಏನೋ ಹೇಳಿ ನಕ್ಕರು. ಬೇಸರವಾದದ್ದು ನನಗೆ. ಒಂದು ಹಾಡು ಗಾಯಕನ ಮನೆಯ ಹೆಬ್ಬಾಗಿಲು. ನಮ್ಮ ಜನ ಹೆಬ್ಬಾಗಿಲನ್ನೇ ಪೂಜಿಸಿ, ಒಳಗೆ ಹೋಗದೆ ಹಿಂದಿರುಗಿದರು.

ಹಾಗೆ ಹಿಂದಿರುಗಲು ನಮ್ಮ ಶಾಲೆಗಳೂ ಕಾರಣ. ಪದ್ಯವನ್ನು ಹಾಡಿ ಕಲಿಸುವ ಉಪಾಧ್ಯಾಯರು ಎಷ್ಟಿದ್ದಾರೆ? ನನ್ನ ಸೇವೆಯ ಇಡೀ ಅವಧಿಯಲ್ಲಿ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಕಡೆ ಕೆಲಸ ಮಾಡಿದರೂ, ಸಂಗೀತದ ಉಪಾಧ್ಯಾಯರಿದ್ದ ಒಂದು ಶಾಲೆಯೂ ನನಗೆ ಸಿಗಲಿಲ್ಲ. ಭಾಷಾ ಉಪಾಧ್ಯಾಯನೇ ಗಂಟಲು ಸರಿಪಡಿಸಿಕೊಂಡು ಹಾಡಬೇಕು. ಹಾಡಲು ನಾಚಿಕೆ ಎನ್ನುವವರಿಗೆ ನಾನು ಹೇಳುವುದು ಇಷ್ಟೆ: ನಾಲ್ಕು ಸೆಲ್ಲಿನ ರೇಡಿಯೋ ಕೇಳಿ ನಾನು ಹಾಡಿದ್ದೇ ನಡೆಯಿತೆಂದ ಮೇಲೆ ನಿಮ್ಮದೂ ನಡೆಯುತ್ತದೆ. ಇಂದು ಜೇಬಿನೊಳಗಿನ ಮೊಬೈಲಿನಲ್ಲಿಯೇ ಸುಬ್ಬಣ್ಣನವರಿದ್ದಾರೆ. ಮೊದಲು ನೀವು ಓದಿ, ಆಮೇಲೆ ಅವರದನ್ನು ಕೇಳಿಸಿ, ಆಮೇಲೆ ಮಕ್ಕಳಿಗೆ ಅವರದೇ ಧಾಟಿಯಲ್ಲಿ ಹಾಡಲು ಬಿಡಿ. ಮೂರನೆಯದನ್ನು ಬಿಟ್ಟರೆ ಮೊದಲೆರಡೂ ದಂಡ. ತಪ್ಪು ರಾಗವೆಂದು ನಗುವ ಸಹೋದ್ಯೋಗಿಗಳು ಇದ್ದೇ ಇರುತ್ತಾರೆ. ನನಗೂ ಇದ್ದರು.

ಆ ರಾತ್ರಿ ನಾನು ಉಪಾಧ್ಯಾಯಿನಿಗೆ ಹೇಳಿದ್ದು, "ಅದು ಕವಿತೆಯೇ ಕಣಮ್ಮ, ಅನುಮಾನ ಬೇಡ. ಮಗು ಕೈಗೆ ಫೋನು ಕೊಡು" ಎಂದು. ಹುಡುಗಿ ಅಳು ನುಂಗಿಕೊಂಡು "ನಮಸ್ಕಾರ ಸಾರ್" ಎಂದಳು. ಹಾಡು ಎಂದೆ. ಸ್ವಲ್ಪ ಸುಮ್ಮನಿದ್ದು ಹಾಡಿದಳು. ನಿಜ, ನಿಧಾನವಾಗಿಯೇ ಇತ್ತು. ಸುಬ್ಬಣ್ಣನವರ ಕುದುರೆ ಎದುರಿಗೆ ಬಂದು ನೆಗೆಯುತ್ತದೆ; ಇವಳದು ದೂರದ ದಿಬ್ಬದ ಮೇಲೆ ಕಂಡು, ಹತ್ತಿರ ಬರಲೋ ಬೇಡವೋ ಎಂದು ನಿಂತಂತಿತ್ತು. ಸಾಲಿನ ಕೊನೆಯ ಸ್ವರವನ್ನು ಅವಳು ಎಳೆದ ರೀತಿ ನನಗೆ ಎಲ್ಲಿಯೋ ಕೇಳಿದಂತಾಯಿತು. ಎಲ್ಲಿಯವಳಮ್ಮ ನೀನು ಎಂದು ಕೇಳಿದೆ. ತಾಯಿಯ ತವರು ಶಿರಾ ಕಡೆಯ ಒಂದು ಗೊಲ್ಲರಹಟ್ಟಿ ಎಂದಳು. ಆಗ ತಿಳಿಯಿತು.

ಶಿರಾ ಸೀಮೆಯಲ್ಲಿ ಕೆಲಸ ಮಾಡಿದವರಿಗೆ ಕಾಡುಗೊಲ್ಲರ ಜುಂಜಪ್ಪನ ಕಾವ್ಯ ಗೊತ್ತಿರುತ್ತದೆ. ದನಗಳನ್ನು ಕಾಯ್ದು ಬೆಳೆಸಿದ ವೀರನ ಕಥೆ. ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ಅವನದೇ ನೆಲೆ. ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲನ್ನು ಊದಿ, ನಡುನಡುವೆ ಪದ ಹೇಳುತ್ತ ರಾತ್ರಿಯಿಡೀ ಹಾಡುತ್ತಾರೆ. ಗಣೆಯ ಉಸಿರು ಮುಗಿಯುವಲ್ಲಿ ಪದ ಆರಂಭವಾಗಬೇಕು, ಪದದ ಕೊನೆಯ ಸ್ವರ ಗಣೆಯ ಸ್ವರದೊಳಗೆ ಇಳಿಯಬೇಕು. ಆ ಹುಡುಗಿಯ ಕೊನೆಯ ಸ್ವರಗಳು ಹಾಗೆಯೇ ಇಳಿಯುತ್ತಿದ್ದವು. ತೀರ್ಪುಗಾರರು ಮೂಲ ಧಾಟಿ ಇಲ್ಲವೆಂದರಲ್ಲ, ಅವಳಿಗೆ ಅವಳದೇ ಆದ, ಸಿನಿಮಾಕ್ಕಿಂತ ಎಷ್ಟೋ ಹಳೆಯದಾದ ಒಂದು ಮೂಲವಿತ್ತು. ಕಂಬಾರರ ಕುದುರೆಯೂ ಬಂದುದು ಅಂಥದೇ ಜನಪದದ ಕಾಡಿನಿಂದ. ಸುಬ್ಬಣ್ಣನವರು ಬದುಕಿದ್ದು ಇದನ್ನು ಕೇಳಿದ್ದರೆ ಏನೆನ್ನುತ್ತಿದ್ದರೋ ಹೇಳಲಾರೆ. ನಾನಂತೂ ನೂರಕ್ಕೆ ನೂರು ಕೊಟ್ಟೆ, ನನ್ನ ಅಂಕಕ್ಕೆ ಇಲಾಖೆಯಲ್ಲಿ ಬೆಲೆಯಿಲ್ಲದಿದ್ದರೂ.

ಮೊನ್ನೆ ಉಪಾಧ್ಯಾಯಿನಿ ಮತ್ತೆ ಕರೆ ಮಾಡಿದ್ದಳು. ಹುಡುಗಿ ಈ ವರ್ಷ ಜನಪದ ಗೀತೆಯ ವಿಭಾಗದಲ್ಲಿ ಜುಂಜಪ್ಪನ ಪದ ಹಾಡುತ್ತಾಳಂತೆ. ಗಣೆ ಊದುವುದು ಗಂಡಸರ ಕೆಲಸ, ಹೆಣ್ಣು ಮಗು ಹಾಡಬಹುದೇ ಎಂದು ಶಾಲೆಯಲ್ಲಿ ಯಾರೋ ಈಗಲೇ ಪ್ರಶ್ನೆ ಎತ್ತಿದ್ದಾರಂತೆ. ಹಟ್ಟಿಯಲ್ಲಿರುವ ಹುಡುಗಿಯ ಅಜ್ಜಿಗೆ ಆ ಪದಗಳು ಬರುತ್ತವೆಯೆಂದು ತಿಳಿದು ನನಗೆ ಬಹಳ ಸಂತೋಷವಾಯಿತು. ಅಜ್ಜಿಗೆ ಎಂಬತ್ತು ದಾಟಿದೆ. ಬರುವ ಭಾನುವಾರ ಹುಡುಗಿಯನ್ನು ಕರೆದುಕೊಂಡು ಹಟ್ಟಿಗೆ ಹೋಗಿ, ಅಜ್ಜಿ ಹೇಳಿದಷ್ಟನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು ಬಾ, ಬರೆದುಕೊಳ್ಳುವ ಕೆಲಸ ನನಗಿರಲಿ ಎಂದು ಹೇಳಿದ್ದೇನೆ. ಶಿರಾ ಕಡೆಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಆ ದಿನ ಜೊತೆಗೆ ಹೋಗುವುದಾದರೆ ದಯವಿಟ್ಟು ನನಗೊಂದು ಮಾತು ತಿಳಿಸಿ.